ಘಾಟಿ ಬಂದ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಘಾಟಿ ರಸ್ತೆಗಳ ಬಗ್ಗೆ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಅರಬೈಲು ಎಂದು ಹೆಸರು ಬೇರೆ ಬೇರೆ, ಕಷ್ಟ ಮಾತ್ರ ಒಂದೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಂಗಳೂರಿನಿಂದ ರಾತ್ರಿ ಕಾರಿನಲ್ಲಿ ಊರಿಗೆ ಹೊರಟರೆ ಸಕಲೇಶಪುರ ದಾಟಿದ ಮೇಲೆ ಪೊಲೀಸರು ತಡೆದು, ಗುಡ್ಡ ಜರಿದಿದೆ, ವಾಪಸ್ ಹೋಗಿ ಅನ್ನುತ್ತಾರೆ. ಆ ಹೊತ್ತಿನಲ್ಲಿ ಯಾವ ದಾರಿ ಹಿಡಿಯುವುದು?
(ಪುತ್ತೂರಿನವರು, ಈಗ ಬೆಂಗಳೂರಿನಲ್ಲಿ)

ಉತ್ತರ: ಸಕಲೇಶಪುರ ದಾಟಿದ ಮೇಲೆ ಉಳಿಯುವ ದಾರಿಗಳು ಕಡಿಮೆ, ಉಳಿದವೂ ಕಿರಿದು. ತೀರ್ಮಾನ ಆಗಬೇಕಾದ್ದು ಹಾಸನದಲ್ಲಿ. ನಿಮ್ಮ ಮಟ್ಟಿಗಂತೂ ಬೆಂಗಳೂರು ಬಿಡುವ ಮೊದಲೇ.

ಪುತ್ತೂರಿಗೆ ಹೋಗುವವರಿಗೆ ಸಂಪಾಜೆ ದಾರಿ ದೊಡ್ಡ ಸುತ್ತೇನಲ್ಲ. ಮೈಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ ಎಂದು ಬರುವ 275ನೇ ಹೆದ್ದಾರಿ ಪುತ್ತೂರಿನ ಮೂಲಕವೇ ಮಾಣಿಗೆ ಹೋಗುತ್ತದೆ. ಸಕಲೇಶಪುರದ ಮುಂದಿನ ಶಿರಾಡಿ ಘಾಟಿಯ ಬಗ್ಗೆ ಸ್ವಲ್ಪ ಅನುಮಾನ ಬಂದರೂ ಮೈಸೂರು ದಾರಿ ಹಿಡಿಯಿರಿ. ಹಾಸನದವರೆಗೆ ಬಂದಾಗಿದ್ದರೆ ಎರಡು ದಾರಿಗಳಿವೆ. ಒಂದು, ಅರಕಲಗೂಡು, ಕುಶಾಲನಗರದ ಮೇಲೆ ಹೋಗಿ ಅದೇ ಸಂಪಾಜೆ ರಸ್ತೆ ಸೇರುವುದು. ಇನ್ನೊಂದು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಉಜಿರೆಗೆ ಬರುವುದು. ಮಂಗಳೂರು, ಬೆಳ್ತಂಗಡಿ ಕಡೆಯವರಿಗೆ ಎರಡನೆಯದು ಅನುಕೂಲ. ಸಕಲೇಶಪುರದಲ್ಲೇ ಸಿಕ್ಕಿಬಿದ್ದರೆ ಹಾನಬಾಳಿನ ಮೇಲೆ ಮೂಡಿಗೆರೆಗೆ ರಸ್ತೆ ಇದೆ, ಹಾಸನಕ್ಕೆ ಹಿಂತಿರುಗಬೇಕಿಲ್ಲ.

ಬಿಸಲೆ ಘಾಟಿಯನ್ನು ಹಲವರು ಕೇಳಿದ್ದಾರೆ. ಹೆತ್ತೂರು, ವಣಗೂರು, ಬಿಸಲೆ ದಾಟಿ ಕುಲ್ಕುಂದಕ್ಕೆ ಇಳಿಯುವ ಈ ರಸ್ತೆಯಿಂದ ಸುಬ್ರಹ್ಮಣ್ಯಕ್ಕೂ ಗುಂಡ್ಯಕ್ಕೂ ಹೋಗಬಹುದು. ಹಗಲಿನಲ್ಲಿ, ಮಳೆ ಹದವಾಗಿದ್ದಾಗ ಇಳಿಯಬಹುದು. ರಾತ್ರಿ ಬೇಡ. ದಟ್ಟ ಕಾಡು, ಕಿರಿದಾದ ರಸ್ತೆ. ಒಂದು ಮರ ಅಡ್ಡ ಬಿದ್ದರೆ ಕಾರು ತಿರುಗಿಸಲೂ ಜಾಗವಿಲ್ಲ, ಮೊಬೈಲ್ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚು.

ಈ ಎಲ್ಲ ಘಾಟಿಗಳೂ ಒಂದೇ ಪಶ್ಚಿಮಘಟ್ಟದ ಗೋಡೆಯಲ್ಲಿವೆ, ಅವುಗಳ ಮೇಲೆ ಸುರಿಯುವುದು ಒಂದೇ ಮಳೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಒಟ್ಟಿಗೇ ಮುಚ್ಚಿದ್ದವು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸಾಲುಸಾಲು ಕಡೆ ಕುಸಿಯಿತು. ಹಾಗಾಗಿ ಹೊರಡುವ ಮೊದಲು ಶಿರಾಡಿಯೊಂದನ್ನೇ ವಿಚಾರಿಸಿದರೆ ಸಾಲದು, ಹೋಗಬೇಕೆಂದಿರುವ ಬದಲಿ ದಾರಿಯನ್ನೂ ವಿಚಾರಿಸಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಬೇರೆ ಜಿಲ್ಲೆಯಿಂದ ಮಾಡುವಾಗ ಆಯಾ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಿ: ಹಾಸನ 08172, ಮಂಗಳೂರು 0824, ಮಡಿಕೇರಿ 08272, ಚಿಕ್ಕಮಗಳೂರು 08262. ಮೊಬೈಲಿನ ನಕ್ಷೆಯನ್ನು ಈ ವಿಷಯದಲ್ಲಿ ನೆಚ್ಚಬೇಡಿ. ರಸ್ತೆ ಮುಚ್ಚಿ ಗಂಟೆಗಳಾದರೂ ಅದು ನೀಲಿ ಗೆರೆ ತೋರಿಸುತ್ತಿರುತ್ತದೆ. ಮುಚ್ಚಿದ್ದು ಗೊತ್ತಾದ ಮೇಲೆ ಯಾರದೋ ಎಸ್ಟೇಟಿನ ಕೂಲಿ ಲೈನಿಗೆ ಹೋಗುವ ಮಣ್ಣಿನ ರಸ್ತೆಯನ್ನೇ "ವೇಗದ ದಾರಿ" ಎಂದು ತೋರಿಸಿಬಿಡುತ್ತದೆ.

ಪ್ರಶ್ನೆ: ನನ್ನದು ಹತ್ತು ಗಾಲಿಯ ಲಾರಿ. ಖಾಲಿ ಬಂದರೂ ಘಾಟಿಯಲ್ಲಿ ಬಿಡುವುದಿಲ್ಲ. ಐವತ್ತು ಜನ ತುಂಬಿದ ಬಸ್ಸಿಗೆ ಮಾತ್ರ ದಾರಿ. ಇದ್ಯಾವ ನ್ಯಾಯ? ಆದೇಶದಲ್ಲಿ ಬರೆಯುವ 18,500 ಕಿಲೋ ಲೆಕ್ಕ ಎಲ್ಲಿಂದ ಬಂತು?
(ಲಾರಿ ಮಾಲೀಕರು, ಹಾಸನ)

ಉತ್ತರ: 18,500 ಕಿಲೋ ಎಂಬುದು ಎರಡು ಆಕ್ಸಲ್‌ನ, ಅಂದರೆ ಆರು ಗಾಲಿಯ ಲಾರಿಗೆ ಕಾನೂನು ಒಪ್ಪುವ ಒಟ್ಟು ತೂಕ: ಗಾಡಿಯ ತೂಕ, ಸರಕಿನ ತೂಕ ಎರಡೂ ಸೇರಿ. 2018ರ ಜುಲೈವರೆಗೆ ಈ ಮಿತಿ 16,200 ಕಿಲೋ ಇತ್ತು, ಕೇಂದ್ರ ಸರ್ಕಾರ ಆಗ ಏರಿಸಿತು. ನಿಮ್ಮ ಹತ್ತು ಗಾಲಿಯದಕ್ಕೆ ಮಿತಿ 28,500. ಹಾಗಾಗಿ 18,500 ಎಂದು ಬರೆದರೆ "ಆರು ಗಾಲಿಯವರೆಗೆ ಬಿಡಿ, ಅದಕ್ಕಿಂತ ದೊಡ್ಡದನ್ನು ತಡೆಯಿರಿ" ಎಂದೇ ಅರ್ಥ. ಘಾಟಿಯ ಚೆಕ್‌ಪೋಸ್ಟಿನಲ್ಲಿ ವೇ ಬ್ರಿಡ್ಜ್ ಇರುವುದಿಲ್ಲ. ಪೊಲೀಸರು ಗಾಲಿ ಎಣಿಸುತ್ತಾರೆ, ಆರ್‌ಸಿ ನೋಡುತ್ತಾರೆ. ಖಾಲಿ ಇದೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಬಸ್ಸಿನ ಮಾತು ಬೇರೆ. ತುಂಬಿದ ಸಾಮಾನ್ಯ ಬಸ್ಸೂ ಆರು ಗಾಲಿ ಲಾರಿಯ ಮಿತಿಯೊಳಗೇ ಇರುತ್ತದೆ, ಜನರ ಓಡಾಟ ಪೂರ್ತಿ ನಿಲ್ಲಿಸುವುದೂ ಆಗದು. ಅಷ್ಟಿದ್ದೂ ಪರಿಸ್ಥಿತಿ ಬಿಗಡಾಯಿಸಿದರೆ ಬಸ್ಸನ್ನೂ ನಿಲ್ಲಿಸುತ್ತಾರೆ.

ತೂಕಕ್ಕೇಕೆ ಇಷ್ಟು ಹೆದರಿಕೆ? ಘಾಟಿ ರಸ್ತೆಯ ಗುಡ್ಡದ ಬದಿಯ ಅರ್ಧ ಕಡಿದ ನೆಲ, ಕಣಿವೆ ಬದಿಯ ಅರ್ಧ ಬಹಳ ಕಡೆ ತುಂಬಿದ ಮಣ್ಣು. ನೀರು ಕುಡಿದ ತುಂಬು ಮಣ್ಣಿನ ಅಂಚಿನ ಮೇಲೆ ಭಾರದ ಗಾಡಿ ಒಂದರ ಹಿಂದೊಂದು ನಿಂತರೆ ಡಾಂಬರಿನಲ್ಲಿ ಮೊದಲು ಕಮಾನಿನಾಕಾರದ ಬಿರುಕು ಕಾಣಿಸುತ್ತದೆ, ಆಮೇಲೆ ಆ ಅಂಚು ಕೆಳಗೆ ಜಾರುತ್ತದೆ. ಇನ್ನೊಂದು ಕಾರಣ, ಉದ್ದ ಚಾಸಿಯ ಗಾಡಿ ತಿರುವಿನಲ್ಲಿ ಕೆಟ್ಟು ನಿಂತರೆ ಜೆಸಿಬಿಯೂ ಆಂಬುಲೆನ್ಸೂ ಮುಂದೆ ಹೋಗುವಂತಿಲ್ಲ. ಅನಿಲ ಸಾಗಿಸುವ ಬುಲೆಟ್ ಟ್ಯಾಂಕರ್‌ಗಳ ಭಯವಂತೂ ಎಲ್ಲರಿಗೂ ಗೊತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಡುಗೆ ಅನಿಲದ ಟ್ಯಾಂಕರ್ ಒಂದು ಗಂಗಾವಳಿ ನದಿಗೇ ಹೋಯಿತು.

ನಿಮ್ಮ ಗಾಡಿಗೆ ಚಾರ್ಮಾಡಿ ಬೇಡ, ಆಗುಂಬೆಯ ಹದಿನಾಲ್ಕು ತಿರುವು ಬೇಡವೇ ಬೇಡ, ಎರಡರಲ್ಲೂ ಭಾರಿ ವಾಹನಕ್ಕೆ ತಡೆ ಇದೆ. ಶಿವಮೊಗ್ಗ, ಸಾಗರ, ಹೊನ್ನಾವರಕ್ಕೆ ಬಂದು 66ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿಯುವುದೇ ಭಾರಿ ಗಾಡಿಗಳಿಗೆ ಸಾಮಾನ್ಯವಾಗಿ ಸೂಚಿಸುವ ದಾರಿ. ಡೀಸೆಲ್ ಹೆಚ್ಚು ಖರ್ಚಾಗುವುದು ನಿಜ, ಬಾಡಿಗೆ ಮಾತಾಡುವಾಗಲೇ "ಘಾಟಿ ಬಂದ್ ಆದರೆ ಇಷ್ಟು ಹೆಚ್ಚು" ಎಂದು ಸೇರಿಸಿಕೊಳ್ಳಿ. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್ ಘಾಟಿ ಹತ್ತಿರವಾದರೂ ಮಳೆಗಾಲದಲ್ಲಿ ಅದಕ್ಕೂ ನಿರ್ಬಂಧ ಬೀಳುವುದುಂಟು. ಆ ದಿನದ ಆದೇಶ ಓದಿಯೇ ಹೊರಡಿ.

ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ, ವಿಪತ್ತು ನಿರ್ವಹಣಾ ಕಾಯ್ದೆ 2005ರ 34ನೇ ಕಲಂ ಎರಡೂ ಅವರಿಗೆ ಆ ಅಧಿಕಾರ ಕೊಡುತ್ತವೆ. 115ನೇ ಕಲಮಿನ ಪ್ರಕಾರ ಒಂದು ತಿಂಗಳ ಒಳಗಿನ ತಡೆಗೆ ಗೆಜೆಟ್ ಪ್ರಕಟಣೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ರಾತ್ರೋರಾತ್ರಿ ಮುಚ್ಚಲು ಸಾಧ್ಯವಾಗುವುದು ಅದರಿಂದಲೇ. ಘಾಟಿಯ ಮೇಲಿನ ತುದಿ ಒಂದು ಜಿಲ್ಲೆ, ಕೆಳಗಿನದು ಇನ್ನೊಂದು ಜಿಲ್ಲೆ. ಎರಡು ಕಡೆಯ ಆದೇಶದಲ್ಲಿ ಸಮಯ, ತೂಕ ಬೇರೆ ಬೇರೆ ಇದ್ದರೆ ಬಿಗಿಯಾದದ್ದನ್ನೇ ಪಾಲಿಸಿ.

ಪ್ರಶ್ನೆ: ನಾಲ್ಕು ಜೆಸಿಬಿ ನಿಂತಿದ್ದರೂ ಮೂರು ದಿನವಾದರೂ ಮಣ್ಣು ತೆಗೆದಿರುವುದಿಲ್ಲ. ಅಷ್ಟು ಹೊತ್ತು ಏನು ಮಾಡುತ್ತಾರೆ?
(ಕೊಟ್ಟಿಗೆಹಾರದ ಅಂಗಡಿಯವರು)

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಮೂವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರ ಮಣ್ಣು ಬಿದ್ದಿದೆ ಅನ್ನಿ. ಘಾಟಿಯಲ್ಲಿ ಇದು ಮಧ್ಯಮ ಗಾತ್ರದ ಕುಸಿತ. 1,200 ಘನ ಮೀಟರ್ ಆಯಿತು. ಒಣ ಮಣ್ಣಾದರೆ ಟಿಪ್ಪರಿಗೆ ಹತ್ತು ಘನ ಮೀಟರ್ ತುಂಬಬಹುದು, ಕೆಸರಾದರೆ ಹಿಂದಿನ ಬಾಗಿಲಿನಿಂದ ಸೋರುವುದರಿಂದ ಎಂಟರ ಮೇಲೆ ತುಂಬಲಾಗದು. ಅಂದರೆ 150 ಟ್ರಿಪ್. ಕಣಿವೆಗೆ ತಳ್ಳಿದರೆ ಬೇಗ ಮುಗಿಯುತ್ತದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಕೆಳಗೆ ಕಾಡು, ಹೊಳೆ. ಅದಕ್ಕಿಂತ ಮುಖ್ಯ, ತಳ್ಳಿದ ಮಣ್ಣು ರಸ್ತೆಯ ಹೊರ ಅಂಚಿಗೇ ಭಾರವಾಗಿ ಕೂತು ಅದನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಐದಾರು ಕಿ.ಮೀ. ದೂರದ ಸಮತಟ್ಟು ಜಾಗಕ್ಕೆ ಒಯ್ಯಬೇಕು. ಒಂದು ಸುತ್ತಿಗೆ ಮುಕ್ಕಾಲು ಗಂಟೆ. ಆರು ಟಿಪ್ಪರ್ ಹತ್ತು ಗಂಟೆ ಬಿಡದೆ ಓಡಿದರೆ ದಿನಕ್ಕೆ 78 ಟ್ರಿಪ್. ಏನೂ ಕೆಡದೆ ನಡೆದರೂ ಎರಡು ದಿನ ಆಯಿತು.

ಏನೂ ಕೆಡದಿರುವುದು ಅಪರೂಪ. ಬಿದ್ದ ಮಣ್ಣಿನ ರಾಶಿ ಮೇಲಿನ ಸಡಿಲ ಮಣ್ಣಿಗೆ ಊರುಗೋಲಿನಂತೆ ನಿಂತಿರುತ್ತದೆ. ಬುಡದಿಂದ ತೋಡುತ್ತ ಹೋದಷ್ಟೂ ಮೇಲಿನಿಂದ ಮತ್ತೆ ಬರುತ್ತದೆ. ಅನುಭವಸ್ಥ ಆಪರೇಟರುಗಳು ಮೊದಲು ಹಿಟಾಚಿಯನ್ನು ರಾಶಿಯ ಮೇಲೆ ಹತ್ತಿಸಿ, ತೂಗಾಡುತ್ತಿರುವ ಮಣ್ಣನ್ನೂ ಮರವನ್ನೂ ತಾವಾಗಿಯೇ ಕೆಡವಿ, ಆಮೇಲೆ ಬುಡಕ್ಕೆ ಕೈ ಹಾಕುತ್ತಾರೆ. ನೋಡುವವರಿಗೆ ಇದು ಇನ್ನಷ್ಟು ಮಣ್ಣು ಬೀಳಿಸುವ ಕೆಲಸದಂತೆ ಕಾಣುತ್ತದೆ. ಮಳೆ ಜೋರಾದರೆ ಯಂತ್ರ ಹಿಂದಕ್ಕೆ ತರಬೇಕು, ರಾತ್ರಿ ಮೇಲಿನ ಗುಡ್ಡ ಕಾಣದ್ದರಿಂದ ಬಹಳ ಕಡೆ ಕೆಲಸ ನಿಲ್ಲುತ್ತದೆ.

ಬಂಡೆ ಬಿದ್ದರೆ ಲೆಕ್ಕವೇ ಬೇರೆ. ನಮ್ಮ ಘಟ್ಟದ ಗಟ್ಟಿ ಕಲ್ಲು ಘನ ಮೀಟರಿಗೆ ಸುಮಾರು 2.7 ಟನ್. ಎಲ್ಲ ಬದಿಗೂ ಎರಡು ಮೀಟರ್ ಇರುವ ಬಂಡೆ 21 ಟನ್ ಮೀರುತ್ತದೆ. ಜೆಸಿಬಿಯ ತೂಕವೇ ಏಳೆಂಟು ಟನ್! ಇಪ್ಪತ್ತು ಟನ್ನಿನ ಹಿಟಾಚಿಗೂ ಅದನ್ನು ಎತ್ತಲಾಗದು. ಬ್ರೇಕರ್ ಹಾಕಿ ಒಡೆಯಬೇಕು, ಇಲ್ಲವೇ ಕುಳಿ ಕೊರೆದು ಸಿಡಿಸಬೇಕು. ಸಿಡಿಸಿದರೆ ಮೇಲಿನ ಸಡಿಲ ಕಲ್ಲೂ ಅದುರುತ್ತದೆ, ಅದಕ್ಕೇ ಹಿಂಜರಿಯುತ್ತಾರೆ.

ನಾಲ್ಕು ಜೆಸಿಬಿಯ ಮಾತಿಗೆ ಬಂದರೆ, ಮುಚ್ಚಿದ ರಸ್ತೆಗೆ ಇರುವುದು ಎರಡೇ ತುದಿ. ಒಂದೊಂದು ತುದಿಯಲ್ಲಿ ಒಂದೇ ಯಂತ್ರ ಕೆಲಸ ಮಾಡಬಲ್ಲದು. ಉಳಿದೆರಡು ನಿಂತಿರುವುದು ಸೋಮಾರಿತನದಿಂದಲ್ಲ.

ಮಣ್ಣು ತೆಗೆದ ಮೇಲೆ ಮೋರಿ ನೋಡಬೇಕು. ನಮ್ಮ ಮಟ್ಟಿಗೆ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಕೆಲಸ ಇದೇ. ಮೋರಿ ಕಟ್ಟಿಕೊಂಡಿದ್ದರೆ ಹಳ್ಳದ ನೀರು ರಸ್ತೆಯ ಮೇಲೆ ಹರಿದು ಆಚೆ ಬದಿಯ ತುಂಬು ಮಣ್ಣನ್ನು ಕೊರೆಯುತ್ತದೆ. ಮೊದಲ ವಾರ ಗುಡ್ಡ ಜರಿದ ಜಾಗದಲ್ಲೇ ಎರಡನೇ ವಾರ ರಸ್ತೆ ಕುಸಿಯುವುದು ಎಷ್ಟೋ ಸಲ ಈ ಕಾರಣಕ್ಕೆ. "ರಸ್ತೆ ತೆರೆದಿದೆ" ಎಂದು ಸುದ್ದಿ ಬಂದರೂ ಮರಳು ಮೂಟೆ ಪೇರಿಸಿ ಒಂದು ಬದಿಯಲ್ಲಿ ಮಾತ್ರ, ಸರದಿಯಂತೆ ಬಿಡುತ್ತಾರೆ ಎಂದೇ ತಿಳಿಯಿರಿ.

ಪ್ರಶ್ನೆ: ಮಳೆ ನಿಂತು ಬಿಸಿಲು ಬಂದ ದಿನವೂ ಗುಡ್ಡ ಕುಸಿಯುತ್ತದಲ್ಲ, ಯಾಕೆ?
(ಶಾಲಾ ಶಿಕ್ಷಕಿ, ಅಂಕೋಲಾ ತಾಲ್ಲೂಕು)

ಉತ್ತರ: ಮಳೆ ನಿಂತರೂ ಗುಡ್ಡದೊಳಗಿನ ನೀರು ನಿಂತಿರುವುದಿಲ್ಲ. ಕರಾವಳಿ ಮತ್ತು ಘಟ್ಟದ ಬುಡದ ಗುಡ್ಡಗಳಲ್ಲಿ ಮೇಲೆ ಮುರಕಲ್ಲು ಅಥವಾ ಕೆಂಪು ಮಣ್ಣು, ಅದರ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿಮಣ್ಣು, ತಳದಲ್ಲಿ ಗಟ್ಟಿ ಬಂಡೆ. ಮುರಕಲ್ಲಿನ ತೂತುಗಳಲ್ಲಿ ನೀರು ಸರಾಗ ಇಳಿಯುತ್ತದೆ. ಶೇಡಿಯಲ್ಲಿ ಇಳಿಯಲಾರದೆ ಅಲ್ಲೇ ತುಂಬುತ್ತದೆ. ತುಂಬಿದ ನೀರಿನ ಒತ್ತಡ ಮೇಲಿನ ಪದರವನ್ನು ಎತ್ತಿ ಹಿಡಿದಂತೆ ಮಾಡುತ್ತದೆ, ನೆನೆದ ಶೇಡಿ ಸೋಪಿನಂತೆ ಜಾರುತ್ತದೆ. ಈ ನೀರು ಬುಡದವರೆಗೆ ಬರಲು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬೇಕು. ಆ ಹೊತ್ತಿಗೆ ಮೇಲೆ ಬಿಸಿಲಿರಬಹುದು.

ಹಾಗಾದರೆ ಸಾವಿರಾರು ವರ್ಷ ನಿಂತ ಗುಡ್ಡ ಈಗೇಕೆ ಬೀಳುತ್ತದೆ? ಅದರ ಪಾದ ಕಡಿದದ್ದರಿಂದ. ಇಳಿಜಾರಾಗಿದ್ದ ಗುಡ್ಡವನ್ನು ಅಗಲೀಕರಣಕ್ಕಾಗಿ ಗೋಡೆಯಂತೆ ನೇರ ಕಡಿದರೆ ನೀರಿನ ಒತ್ತಡ ತಡೆಯಲು ಮುಂದೆ ಏನೂ ಉಳಿಯುವುದಿಲ್ಲ. ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅದೇ ಮಳೆಯಲ್ಲಿ ಪಕ್ಕದ ಕಡಿಯದ ಗುಡ್ಡ ನಿಂತೇ ಇರುವುದನ್ನು ನಿಮ್ಮ ಶಾಲೆಯ ಮಕ್ಕಳೂ ಗುರುತಿಸಬಲ್ಲರು.

ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5ರವರೆಗಿನ ಮಳೆಯನ್ನು ಭಾರಿ, 204.4ರವರೆಗೆ ಅತಿ ಭಾರಿ, ಅದರ ಮೇಲೆ ಅತ್ಯಧಿಕ ಭಾರಿ ಎನ್ನುತ್ತದೆ. ಈ ಅಂಕಿ ಒಂದು ದಿನದ್ದು. ಗುಡ್ಡಕ್ಕೆ ಹಿಂದಿನ ದಿನಗಳ ಲೆಕ್ಕವೂ ನೆನಪಿರುತ್ತದೆ. ಜೂನ್ ಮೊದಲ ವಾರ, ನೆಲ ಒಣಗಿರುವಾಗ ಬಂದ ಒಂದು ರೆಡ್ ಅಲರ್ಟ್‌ಗಿಂತ ಜುಲೈ ಕೊನೆಯಲ್ಲಿ, ಹದಿನೈದು ದಿನ ನೆನೆದ ಮೇಲೆ ಬಂದ ಮೂರು ದಿನದ ಆರೆಂಜ್ ಅಲರ್ಟ್‌ಗೆ ಹೆಚ್ಚು ಹೆದರಬೇಕು.

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನಲ್ಲಿ ರಸ್ತೆಗೆ ಕಡಿದ ಬರೆ ಇದೆ, ಐದು ಮೀಟರ್ ಎತ್ತರ. ಮೇಲೆ ಬಿರುಕು ಕಾಣುತ್ತಿದೆ. ನಾವು ಮಾಡಬಹುದಾದದ್ದು ಏನು?
(ಬೆಳೆಗಾರರು, ಮಡಿಕೇರಿ ತಾಲ್ಲೂಕು)

ಉತ್ತರ: ಬಿರುಕು ಕಂಡ ದಿನವೇ ಹೆದ್ದಾರಿ ವಿಭಾಗಕ್ಕೂ ಗ್ರಾಮ ಪಂಚಾಯ್ತಿಗೂ ಫೋಟೊ ಸಮೇತ ಲಿಖಿತವಾಗಿ ತಿಳಿಸಿ. ಬರೆಯ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಆಮೇಲೆ ನೀರಿನ ಕೆಲಸ. ಬಿರುಕಿಗೆ ಜಿಗುಟು ಮಣ್ಣು ತುಂಬಿ ಗುದ್ದಿ, ಮೇಲೆ ಟಾರ್ಪಾಲು ಹೊದಿಸಿ. ಟಾರ್ಪಾಲಿನ ಮೇಲ್ಬದಿಯ ಅಂಚನ್ನು ಮಣ್ಣಿನೊಳಗೆ ಹೂಳದಿದ್ದರೆ ನೀರು ಅದರಡಿಯಲ್ಲೇ ನುಗ್ಗುತ್ತದೆ. ಬಿರುಕಿನ ಆಚೆಗೊಂದು, ಈಚೆಗೊಂದು ಗೂಟ ಹೊಡೆದು ನಡುವಿನ ಅಂತರ ದಿನವೂ ಟೇಪಿನಲ್ಲಿ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಕೆಲಸ ನಿಲ್ಲಿಸಿ ದೂರ ಸರಿಯಿರಿ.

ಮಳೆ ಬಿಟ್ಟ ಮೇಲೆ ಬರೆಯ ನೆತ್ತಿಯಿಂದ, ಬಿರುಕಿಗೂ ಹಿಂದೆ, ಮೂರು ಮೀಟರ್ ಬಿಟ್ಟು ಬಸಿಗಾಲುವೆ ತೆಗೆದು, ತಳಕ್ಕೆ ಸಿಮೆಂಟ್ ಹಾಕಿಸಿ, ಹತ್ತಿರದ ಹಳ್ಳಕ್ಕೆ ಸೇರಿಸಿ. ಬರೀ ಮಣ್ಣಿನ ಕಾಲುವೆ ತೆಗೆದರೆ ನೀರನ್ನು ಗುಡ್ಡದೊಳಗೆ ನೀವೇ ಕುಡಿಸಿದಂತೆ. ಇಂಗುಗುಂಡಿಯ ವಿಷಯದಲ್ಲೂ ಇದೇ ಮಾತು. ಬಯಲಿನಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ ಬರೆಯ ನೆತ್ತಿಯಲ್ಲಿ ಅಪಾಯ, ಇದ್ದರೆ ಮುಚ್ಚಿ. ಬರೆಯನ್ನು ಎರಡು ಮೆಟ್ಟಿಲಾಗಿ ಕಡಿದು ನಡುವೆ ಒಂದೂವರೆಯಿಂದ ಎರಡು ಮೀಟರ್ ಅಗಲದ ತಟ್ಟು ಬಿಡಿಸುವುದು ಒಳ್ಳೆಯದು. ರಸ್ತೆಯ ಜಾಗಕ್ಕೆ ತಾಗುವುದರಿಂದ ಒಪ್ಪಿಗೆ ಪಡೆದು, ಇಂಜಿನಿಯರ್ ತೋರಿಸಿದಂತೆಯೇ ಮಾಡಿಸಿ. ಇಳಿಜಾರಿಗೆ ಲಾವಂಚ ನೆಡಿ: ಸಾಲಿನಲ್ಲಿ ಗೇಣಿಗಿಂತ ಹತ್ತಿರ, ಸಾಲಿಂದ ಸಾಲಿಗೆ ಎತ್ತರದಲ್ಲಿ ಒಂದು ಮೀಟರ್. ಅದರ ಬೇರು ಎರಡು ಮೂರು ಮೀಟರ್ ಇಳಿದು ಮೇಲ್ಮಣ್ಣು ಹಿಡಿಯುತ್ತದೆ, ಶೇಡಿಯ ಮೇಲೆ ಇಡೀ ಗುಡ್ಡವೇ ಜಾರಿದರೆ ತಡೆಯಲಾರದು. ತಡೆಗೋಡೆ ಕಟ್ಟಿಸುವುದಾದರೆ ನೀರು ಹೊರಬರುವ ಪೈಪುಗಳೂ ಅವುಗಳ ಹಿಂದೆ ಜಲ್ಲಿಯ ಪದರವೂ ಇರಲೇಬೇಕು. ಜಲ್ಲಿ ಇಲ್ಲದಿದ್ದರೆ ಎರಡೇ ಮಳೆಗಾಲದಲ್ಲಿ ಪೈಪು ಕಟ್ಟಿಕೊಂಡು ಗೋಡೆಯೇ ಹೊಟ್ಟೆ ಉಬ್ಬಿಸುತ್ತದೆ.

ಪ್ರಶ್ನೆ: ಕೊಂಕಣ ರೈಲು ಮಾರ್ಗದಲ್ಲಿರುವಂತೆ ಘಾಟಿಗೂ ಉಕ್ಕಿನ ಬಲೆ ಹಾಕಿದರೆ ಮುಗಿಯಿತಲ್ಲವೇ?
(ಕುಮಟಾ)

ಉತ್ತರ: ಅರ್ಧ ಮಾತ್ರ ಮುಗಿಯುತ್ತದೆ. 2004ರ ಜೂನ್ 16ರಂದು ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಹಳಿ ತಪ್ಪಿದ್ದು ಹಳಿಯ ಮೇಲೆ ಬಿದ್ದ ಬಂಡೆಗಳಿಂದ. ಬಲೆ ಇಂಥ ಬಿಡಿ ಕಲ್ಲಿಗೆ ಮದ್ದು. ನೆನೆದ ಮಣ್ಣು ರಾಶಿಯಾಗಿ ಬಂದರೆ ಬಲೆಯನ್ನೂ ಹೊತ್ತುಕೊಂಡೇ ಬರುತ್ತದೆ.

ಪ್ರಶ್ನೆ: ರಸ್ತೆ ಬಂದ್ ಆದರೆ ರೈಲಿನಲ್ಲಿ ಹೋಗಬಹುದಲ್ಲ?
(ಬಂಟ್ವಾಳ)

ಉತ್ತರ: ರೈಲು ಓಡುತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ., 57 ಸುರಂಗಗಳ ಹಳಿಯೂ ಇದೇ ಗುಡ್ಡಗಳಲ್ಲಿದೆ. 2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಪ್ರಯಾಣಿಕರ ರೈಲು ಹತ್ತು ದಿನಕ್ಕೂ ಮೀರಿ ನಿಂತಿತ್ತು. ಅದೇ ವಾರಗಳಲ್ಲಿ ಶಿರಾಡಿಯ ದೊಡ್ಡತಪ್ಲು ಬಳಿ ರಸ್ತೆಯ ಮೇಲೂ ಗುಡ್ಡ ಬಂದಿತ್ತು. ಆಗ ಉಳಿಯುವುದು ಸೇಲಂ, ಪಾಲಕ್ಕಾಡ್, ಕಣ್ಣೂರು ಸುತ್ತಿ ಬರುವ ರೈಲು.

ಪ್ರಶ್ನೆ: ಘಾಟಿಯ ನಡುವೆ ಇರುವಾಗಲೇ ಮುಂದೆ ಕಲ್ಲು ಬೀಳಲು ಶುರುವಾದರೆ?
(ಟ್ಯಾಕ್ಸಿ ಚಾಲಕರು, ಮೂಡಿಗೆರೆ)

ಉತ್ತರ: ಇಳಿದು ಕಲ್ಲು ಸರಿಸಲು ಹೋಗಬೇಡಿ. ಮೊದಲ ಕಲ್ಲಿನ ಹಿಂದೆ ಇನ್ನಷ್ಟು ಬರುವುದೇ ಹೆಚ್ಚು. ಹಿಂದಿನ ಗಾಡಿಗೆ ಲೈಟು ಹಾರನ್ನಿನಿಂದ ಸೂಚನೆ ಕೊಟ್ಟು ಹಿಂದಕ್ಕೆ ಸರಿಯಿರಿ, ಮೇಲೆ ಕಡಿದ ಬರೆ ಇಲ್ಲದ, ಪಕ್ಕದಲ್ಲಿ ಹಳ್ಳ ಇಳಿಯದ ಜಾಗದಲ್ಲಿ ನಿಲ್ಲಿ. ಸಾಲಿನಲ್ಲಿ ಸಿಕ್ಕಿಕೊಂಡು ಗಾಡಿ ಅಲುಗದಿದ್ದರೆ ಅದರ ಆಸೆ ಬಿಟ್ಟು ಜನರನ್ನು ಇಳಿಸಿ ನಡೆಸಿ. ಬೀಗ ಹಾಕದೆ ಕೀ ಗಾಡಿಯಲ್ಲೇ ಬಿಟ್ಟರೆ ಜೆಸಿಬಿ ಬಂದಾಗ ಸರಿಸಲು ಸಲೀಸು. 112ಕ್ಕೆ ಕರೆ ಮಾಡಿ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಹೇಳಿ, "ಮೂರನೇ ತಿರುವು" ಅಂದರೆ ಅವರಿಗೆ ತಿಳಿಯುವುದಿಲ್ಲ.

ಮುನ್ಸೂಚನೆಗಳು ಇವೆ: ರಸ್ತೆ ಮೇಲೆ ಹೊಸದಾಗಿ ಬಿದ್ದ ಸಣ್ಣ ಕಲ್ಲು, ತಿಳಿಯಾಗಿದ್ದ ಒರತೆ ದಿಢೀರನೆ ಕೆಂಪಾಗುವುದು, ರಸ್ತೆ ಕಡೆಗೆ ಹೊಸದಾಗಿ ವಾಲಿದ ಮರ. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿದೆ, ಒಡೆದರೆ ಒಟ್ಟಿಗೇ ಬರುತ್ತದೆ. ಆ ಹಳ್ಳದ ಮೋರಿ ದಾಟಬೇಡಿ. ಚಹಾದಂಗಡಿಯಾದರೂ ಸರಿ, ಜಲಪಾತವಾದರೂ ಸರಿ, ಬರೆಯ ಬುಡದಲ್ಲಿ ಮಳೆಗಾಲದಲ್ಲಿ ಗಾಡಿ ನಿಲ್ಲಿಸಬೇಡಿ.

ಪ್ರಶ್ನೆ: ತಂದೆಯವರಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಘಾಟಿ ಮುಚ್ಚಿದರೆ ಏನು ಮಾಡುವುದು?
(ಸಕಲೇಶಪುರ ತಾಲ್ಲೂಕು)

ಉತ್ತರ: ಆಂಬುಲೆನ್ಸಿಗೆ ಆದೇಶದಲ್ಲಿ ವಿನಾಯಿತಿ ಇದ್ದರೂ ಮಣ್ಣು ಬಿದ್ದ ರಸ್ತೆ ವಿನಾಯಿತಿ ಕೊಡುವುದಿಲ್ಲ. ಜೂನ್ ಬರುವ ಮೊದಲೇ ಹಾಸನದ ಆಸ್ಪತ್ರೆಯೊಂದರಲ್ಲಿ ಹೆಸರು ನೋಂದಾಯಿಸಿ, ಈಗಿನ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಒಣ ತೂಕ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ), ಡಯಲೈಸರ್ ಬಗೆ, ಎಷ್ಟು ಗಂಟೆ, ಹೆಪಾರಿನ್ ಪ್ರಮಾಣ, ಕೊನೆಯ ರಕ್ತ ಪರೀಕ್ಷೆ, ಹೆಪಟೈಟಿಸ್ ಮತ್ತು ಎಚ್‌ಐವಿ ವರದಿ ಇರಲಿ. ಹೊಸ ಕೇಂದ್ರದಲ್ಲಿ ತಡವಾಗುವುದು ಹೆಚ್ಚಾಗಿ ಈ ವರದಿಗಳಿಲ್ಲದೆ. ಸರದಿ ಒಂದು ದಿನ ತಪ್ಪುವಂತಾದರೆ ನೀರು, ಉಪ್ಪು ಎಷ್ಟು ಇಳಿಸಬೇಕು, ಬಾಳೆಹಣ್ಣು, ಎಳನೀರಿನಂಥ ಪೊಟ್ಯಾಸಿಯಂ ಪದಾರ್ಥ ಬಿಡಬೇಕೇ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಉಸಿರು ಕಟ್ಟಿದರೆ, ಎದೆ ಬಡಿತ ಏರುಪೇರಾದರೆ ಘಾಟಿ ತೆರೆಯಲೆಂದು ಕಾಯದೆ 108ಕ್ಕೆ ಕರೆ ಮಾಡಿ ನೇರ ಹಾಸನಕ್ಕೆ ಹೊರಡಿ.